ಬಕೆಟ್‌ಗಟ್ಟಲೆ ಹಳೇ ಬ್ರಾಸ್: ಅಗ್ಗ ಹೌದು, ಆದರೆ ಡೈಗಿಂತ ಮೊದಲು ಗೇಜ್ ತಗೊಳ್ಳಿ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅಷ್ಟು ಸಾಕು. ಆನ್‌ಲೈನಿನಲ್ಲಿ ತರಿಸಿದ ಬಳಸಿದ .308 ಬ್ರಾಸ್‌ಗೆ, ಅಂದರೆ .308 ರೈಫಲಿನ ತೋಟಾ ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೇಸುಗಳಿಗೆ, ಐದಕ್ಕೆ ಮೂರು. ಅದನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು, ಅಂದರೆ ಆರ್‌ಸಿಬಿಎಸ್ ಕಂಪನಿಯ ಡೈ, ಅದರ ಬಗ್ಗೆ ದೂರಿಲ್ಲ. ಕೇಸು ಎಷ್ಟು ಉದ್ದ ಹಿಗ್ಗಿದೆ ಅಂತ ಅಳೆಯುವ ಗೇಜ್, ಹಾರ್ನಡಿ ಹೆಡ್‌ಸ್ಪೇಸ್ ಕಂಪ್ಯಾರೇಟರ್, ಅದಕ್ಕೆ ಐದಕ್ಕೆ ಐದು. ನಿಮ್ಮ ಹತ್ತಿರ ಇರುವ ದುಡ್ಡಿಗೆ ಡೈ ಅಥವಾ ಕಂಪ್ಯಾರೇಟರ್ ಎರಡರಲ್ಲಿ ಒಂದೇ ಬರುತ್ತೆ ಅಂದರೆ ಕಂಪ್ಯಾರೇಟರ್ ತಗೊಳ್ಳಿ, ಡೈಯನ್ನು ಯಾರ ಹತ್ತಿರವಾದರೂ ಕೇಳಿ ಇಸ್ಕೊಳ್ಳಬಹುದು. ಯಾಕೆ ಅಂತ ಕೆಳಗೆ ಬರುತ್ತೆ.

ನಾನಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕ. ಇಲ್ಲಿ ನಮ್ಮ ಕಡೆಯವರು ಎಷ್ಟೋ ಜನ ವಾರಾಂತ್ಯಕ್ಕೆ ಶೂಟಿಂಗ್ ರೇಂಜಿಗೆ ಹೋಗುತ್ತಾರೆ, ಅದರಲ್ಲಿ ಕೆಲವರು ಒಂದೆರಡು ವರ್ಷಕ್ಕೆ ತೋಟಾ ಬೆಲೆ ನೋಡಿ ಸುಸ್ತಾಗಿ ತಾವೇ ರೀಲೋಡ್ ಮಾಡಲು ಶುರು ಮಾಡುತ್ತಾರೆ, ಅಂದರೆ ಖಾಲಿ ಕೇಸಿಗೆ ಹೊಸ ಪ್ರೈಮರ್ (ಪಿನ್ನು ಹೊಡೆದಾಗ ಕಿಡಿ ಕೊಡುವ, ತಳದಲ್ಲಿ ಕೂರುವ ಪುಟ್ಟ ಬಟ್ಟಲು), ಮದ್ದು, ಗುಂಡು ಹಾಕಿ ಮತ್ತೆ ತೋಟಾ ಮಾಡಿಕೊಳ್ಳುತ್ತಾರೆ. ಸ್ವಂತಕ್ಕೆ ಮಾಡಿಕೊಳ್ಳಲು ಇಲ್ಲಿ ಫೆಡರಲ್ ಲೈಸೆನ್ಸ್ ಬೇಡ. ಮಾರುವ ವ್ಯವಹಾರಕ್ಕೆ ಇಳಿದರೆ ಮಾತ್ರ ಬೇಕು. ಆದರೆ ಎಚ್-1ಬಿ ವೀಸಾದಲ್ಲಿ ಇರುವವರು ದಯವಿಟ್ಟು ಇಲ್ಲಿ ಒಂದು ನಿಮಿಷ ನಿಲ್ಲಿ. ವಲಸೆ ಅಲ್ಲದ ವೀಸಾದಲ್ಲಿ ಇರುವವರು ಬಂದೂಕು ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನು ಅಡ್ಡ ಬರುತ್ತೆ. ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿಗಳಿವೆ. ಗೆಳೆಯ ಹೇಳಿದ ಅಂತ ನಂಬಬೇಡಿ, ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಊರಲ್ಲಿ ಓದುತ್ತಿರುವವರಿಗೂ ಒಂದು ಮಾತು. ಕೊಡಗಿನ ಗೆಳೆಯರು ಈ ವಿಷಯ ಬಂದಾಗಲೆಲ್ಲ ನಮಗೆ ಲೈಸೆನ್ಸ್ ಬೇಡ ಅನ್ನುತ್ತಾರೆ. ನಿಜ, 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿಚಾರ. ಭಾರತದಲ್ಲಿ ತೋಟಾ ತಯಾರಿಕೆಗೆ ಆಯುಧ ಕಾಯ್ದೆಯ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಇಲ್ಲಿ ಬರೆದದ್ದನ್ನು ಅಲ್ಲಿ ಮಾಡಲು ಹೋಗಬೇಡಿ. ಮತ್ತೆ, ನೆನಪಿಗೆ ಅಂತ ಖಾಲಿ ತೋಟಾ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬೆಂಗಳೂರಿಗೆ ಹೊರಡಬೇಡಿ, ಏರ್‌ಪೋರ್ಟಿನಲ್ಲಿ ಸುಮ್ನೆ ತಲೆನೋವು.

ಸರಿ, ಬ್ರಾಸ್‌ಗೆ ಬರೋಣ.

ನಾನು ತರಿಸಿದ್ದು ಸೇನೆಯಲ್ಲಿ ಬಳಸಿ ಬಿಟ್ಟ 7.62 ನೇಟೋ ಕೇಸುಗಳು, ಅಂದರೆ .308ರ ಸೇನಾ ರೂಪ. ಮಾರುವವರ ಹೆಸರು ಬೇಡ, ಇಂಥವರು ಬೇಕಾದಷ್ಟು ಜನ ಇದ್ದಾರೆ, ಎಲ್ಲರ ಜಾಹೀರಾತೂ ಒಂದೇ ತರ: "ಒಂದೇ ಸಲ ಹಾರಿಸಿದ್ದು, ತೊಳೆದಿದ್ದು, ವಿಂಗಡಿಸಿದ್ದು." ಬಂದ ಡಬ್ಬಿಯಲ್ಲಿ ಹೆಚ್ಚಿನವು ಲೇಕ್ ಸಿಟಿ ಕಾರ್ಖಾನೆಯವೇ. ಮಿಸೌರಿಯ ಇಂಡಿಪೆಂಡೆನ್ಸ್ ಊರಿನಲ್ಲಿರುವ ಈ ಕಾರ್ಖಾನೆ 1941ರಲ್ಲಿ ಶುರುವಾದದ್ದು, ಅಮೆರಿಕದ ಸೇನೆಗೆ ರೈಫಲ್ ತೋಟಾ ಹೋಗುವುದು ಬಹುಪಾಲು ಇಲ್ಲಿಂದ. ಕೇಸಿನ ತಳದಲ್ಲಿ ಎಲ್‌ಸಿ ಅಂತ ಎರಡು ಅಕ್ಷರ, ಪಕ್ಕದಲ್ಲಿ ವರ್ಷದ ಕೊನೆಯ ಎರಡು ಅಂಕೆ, ಒಂದು ಸುತ್ತಿನೊಳಗೆ ಕೂಡಿಸುವ ಚಿಹ್ನೆ. ಆ ಸುತ್ತು ನೇಟೋ ಗುರುತು. ಕುತ್ತಿಗೆಯ ಹತ್ತಿರ ನೀಲಿ-ಕಂದು ಬಣ್ಣದ ಪಟ್ಟಿ ಕಾಣುತ್ತೆ, ಅದು ಕೊಳೆಯಲ್ಲ. ಕಾರ್ಖಾನೆಯಲ್ಲಿ ಕುತ್ತಿಗೆ ಕಾಯಿಸಿ ಮೆತ್ತಗೆ ಮಾಡಿದಾಗ ಉಳಿದ ಬಣ್ಣ. ಸಿವಿಲಿಯನ್ ಕಂಪನಿಗಳು ಅದನ್ನು ಪಾಲಿಶ್ ಮಾಡಿ ತೆಗೆಯುತ್ತವೆ, ಸೇನೆಯವರು ಹಾಗೇ ಬಿಡುತ್ತಾರೆ.

"ವಿಂಗಡಿಸಿದ್ದು" ಅನ್ನುವುದು ಮಾತ್ರ ಶುದ್ಧ ಸುಳ್ಳು. ಮಧ್ಯೆ ಮಧ್ಯೆ .243 ಕೇಸುಗಳು ಇದ್ದವು. ಇದು .308ರ ತಮ್ಮನೇ, ಅದೇ ತಳ, ಅದೇ ಮೈ, ಬಾಯಿ ಮಾತ್ರ ಸಣ್ಣ. ರಾಶಿಯಲ್ಲಿ ಬಿದ್ದಿದ್ದರೆ ಕಣ್ಣಿಗೆ ಬೀಳೋದೇ ಇಲ್ಲ. ಇನ್ನು ಕೆಲವು ಹೊರದೇಶದ ಬರ್ಡನ್ ಪ್ರೈಮರ್ ಕೇಸುಗಳು. ನಮಗೆ ಬೇಕಾದ್ದು ಬಾಕ್ಸರ್, ಅಂದರೆ ಒಳಗೆ ಟಾರ್ಚ್ ಹಾಕಿ ನೋಡಿದರೆ ತಳದ ನಡುವೆ ಒಂದೇ ತೂತು. ಬರ್ಡನ್‌ನಲ್ಲಿ ಎರಡು ಸಣ್ಣ ತೂತು, ನಡುವೆ ಗಟ್ಟಿ. ಹಳೇ ಪ್ರೈಮರನ್ನು ಹೊರತಳ್ಳುವ ಡೈಯ ಪಿನ್ನು ಆ ಗಟ್ಟಿ ಭಾಗಕ್ಕೆ ಹೋಗಿ ಗುದ್ದಿದರೆ ಪಿನ್ನು ಬಾಗುತ್ತೆ ಅಥವಾ ಮುರಿಯುತ್ತೆ. ತಮಾಷೆ ಏನಪ್ಪಾ ಅಂದರೆ ಬರ್ಡನ್ ಅಮೆರಿಕದವನು, ಬಾಕ್ಸರ್ ಇಂಗ್ಲೆಂಡಿನವನು. ಇಬ್ಬರೂ 1860ರ ದಶಕದವರು. ಅಮೆರಿಕ ಇಂಗ್ಲಿಷಿನವನ ಪ್ರೈಮರ್ ಹಿಡಿದುಕೊಂಡಿತು, ಯುರೋಪು ಅಮೆರಿಕದವನದ್ದನ್ನು. ಮಾರಿದವರಿಗೆ ಫೋಟೋ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು, ಬರ್ಡನ್ ಕೇಸುಗಳ ಲೆಕ್ಕಕ್ಕೆ ಸ್ವಲ್ಪ ದುಡ್ಡು ವಾಪಸ್ ಕೊಟ್ಟರು. ಅದಕ್ಕೇ ಮೂರು ಅಂಕ, ಇಲ್ಲದಿದ್ದರೆ ಎರಡೇ.

ಡಬ್ಬಿ ತೆಗೆದ ತಕ್ಷಣ ಮಾಡಬೇಕಾದ ಕೆಲಸ ಇನ್ನೊಂದಿದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಬಾಯಿ ನೋಡಿ, ತಳ ನೋಡಿ. ಬಳಸದ ಜೀವಂತ ತೋಟಾ ಅಥವಾ ಹಾರದೇ ಉಳಿದ ಪ್ರೈಮರ್ ಬಂದುಬಿಟ್ಟಿದ್ದರೆ? ಪ್ರೈಮರಿನ ನಡುವೆ ಪಿನ್ನಿನ ಗುಳಿ ಇಲ್ಲ ಅಂದರೆ ಅದನ್ನು ಪಕ್ಕಕ್ಕಿಡಿ. ಪ್ರೆಸ್ಸಿಗೆ, ಅಂದರೆ ಡೈ ಕೂರಿಸಿ ಲಿವರಿನಿಂದ ಒತ್ತುವ ಯಂತ್ರಕ್ಕೆ, ಹಾಕಬೇಡಿ.

ಇನ್ನು ತಪಾಸಣೆ. ಎಲ್ಲರೂ ಬೇಗ ಬೇಗ ಮುಗಿಸುವ ಕೆಲಸ ಇದು, ನನ್ನ ಪ್ರಕಾರ ಪೂರ್ತಿ ರೀಲೋಡಿಂಗಿನಲ್ಲಿ ಇದಕ್ಕಿಂತ ಮುಖ್ಯವಾದ್ದು ಬೇರೆ ಇಲ್ಲ. ಕುತ್ತಿಗೆ ಸೀಳಿದ್ದರೆ ನೇರ ಗುಜರಿಗೆ. ಬಾಯಿ ಸ್ವಲ್ಪ ಜಜ್ಜಿದ್ದರೆ ಪರವಾಗಿಲ್ಲ, ಡೈಯೊಳಗೆ ದುಂಡಗಾಗುತ್ತೆ. ರೈಫಲಿನಿಂದ ಹೊರಗೆ ಬೀಳುವಾಗ ಮೈಮೇಲೆ ಬಿದ್ದ ಸಣ್ಣ ತಗ್ಗು ಮುಂದಿನ ಸಲ ಹಾರಿಸಿದಾಗ ತಾನೇ ಎದ್ದುಬಿಡುತ್ತೆ. ಪ್ರೈಮರಿನ ಸುತ್ತ ಕಪ್ಪು ಮಸಿ ಹರಡಿದ್ದರೆ ಅಲ್ಲಿ ಗ್ಯಾಸ್ ಸೋರಿದೆ ಅಂತ ಅರ್ಥ, ಪ್ರೈಮರ್ ಕೂರುವ ಗುಂಡಿ ಸಡಿಲವಾಗಿದೆ, ಇಟ್ಟುಕೊಳ್ಳಬೇಡಿ. ಹಸಿರು ಕಿಲುಬು ತೆಳ್ಳಗಿದ್ದರೆ ತೊಳೆದು ನೋಡಿ, ಕೆಳಗೆ ಗುಳಿ ಬಿದ್ದಿದ್ದರೆ ಬಿಸಾಡಿ. ಮೈ ಉದ್ದಕ್ಕೂ ಬಿರುಕು ಇದ್ದರೆ ಕೇಳಲೇಬೇಡಿ.

ಇವೆಲ್ಲ ಕಣ್ಣಿಗೆ ಕಾಣುವ ರೋಗ. ಕಾಣದ ರೋಗ ಒಂದಿದೆ, ಅದು ತಳದಿಂದ ಸುಮಾರು ಕಾಲಿಂಚು ಮೇಲೆ, ಒಳಗಡೆ.

ಗುಂಡು ಹಾರಿದಾಗ ಏನಾಗುತ್ತೆ ಗೊತ್ತಾ? ರೈಫಲಿನ ಪಿನ್ನು ಪ್ರೈಮರಿಗೆ ಹೊಡೆದು ತೋಟಾವನ್ನು ಮುಂದಕ್ಕೆ ತಳ್ಳುತ್ತೆ. ಮದ್ದು ಹೊತ್ತಿ ಒತ್ತಡ ಏರುತ್ತೆ, .308ಗೆ ಗರಿಷ್ಠ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡು). ಕೇಸಿನ ತೆಳು ಗೋಡೆ ಉಬ್ಬಿ ಚೇಂಬರಿನ (ರೈಫಲಿನಲ್ಲಿ ತೋಟಾ ಕೂರುವ ಗೂಡಿನ) ಗೋಡೆಗೆ ಅಂಟಿಕೊಂಡು ಅಲ್ಲೇ ಹಿಡಿದು ನಿಂತುಬಿಡುತ್ತೆ. ತಳದ ಭಾಗ ದಪ್ಪ, ಅದು ಉಬ್ಬುವುದಿಲ್ಲ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಕಡೆಗೆ ಜರುಗುತ್ತೆ. ಹಿಂದೆ ಜಾಗ ಎಷ್ಟಿದೆಯೋ ಅಷ್ಟು ಜರುಗುತ್ತೆ. ಮುಂದಿನ ಭಾಗ ಹಿಡಿದು ನಿಂತಿದೆ, ಹಿಂದಿನ ಭಾಗ ಓಡುತ್ತಿದೆ, ಎರಡರ ನಡುವಿನ ಹಿತ್ತಾಳೆ ಎಳೆದುಕೊಂಡು ತೆಳ್ಳಗಾಗುತ್ತೆ. ಪ್ರತಿ ಸಲವೂ ಒಂದಿಷ್ಟು. ಒಂದು ದಿನ ತಳ ಪೂರ್ತಿ ಕಿತ್ತು ಬರುತ್ತೆ, ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗುತ್ತೆ, ಮುಖಕ್ಕೇ. ಕನ್ನಡಕ ಹಾಕದೆ ರೇಂಜಿಗೆ ಹೋಗಬೇಡಿ ಅನ್ನುವುದು ಸುಮ್ನೆ ಅಲ್ಲ.

ಇದನ್ನು ಹಿಡಿಯಲು ಬೇಕಾದ ಸಾಧನ ಒಂದು ಪೇಪರ್ ಕ್ಲಿಪ್. ಅದನ್ನು ನೇರ ಮಾಡಿ, ತುದಿಯನ್ನು ಸ್ವಲ್ಪ ಬಗ್ಗಿಸಿ, ಆ ತುದಿ ಚೂಪಾಗುವಂತೆ ಉಜ್ಜಿ. ಕೇಸಿನ ಬಾಯಿಯಿಂದ ತಳ ಮುಟ್ಟುವವರೆಗೆ ಇಳಿಸಿ, ಗೋಡೆಗೆ ಒತ್ತಿ ನಿಧಾನಕ್ಕೆ ಮೇಲಕ್ಕೆ ಎಳೆಯಿರಿ. ಒಳ್ಳೆ ಕೇಸಿನಲ್ಲಿ ನುಣ್ಣಗೆ ಬರುತ್ತೆ. ಕೆಟ್ಟದ್ದರಲ್ಲಿ ತಳದಿಂದ ಸ್ವಲ್ಪ ಮೇಲೆ ತುದಿ ಒಂದು ಸಣ್ಣ ಕಾಲುವೆಗೆ ಬಿದ್ದು ಸಿಕ್ಕಿಕೊಳ್ಳುತ್ತೆ. ಬೆರಳಿಗೆ ಸರಿಯಾಗಿ ಗೊತ್ತಾಗುತ್ತೆ. ಹೊರಗಡೆಯಿಂದ ಕೂಡ ಅದೇ ಜಾಗದಲ್ಲಿ ಒಂದು ಹೊಳೆಯುವ ಉಂಗುರ ಕಾಣಬಹುದು, ಆದರೆ ಉಂಗುರ ಕಂಡಿದ್ದೆಲ್ಲ ಕೆಟ್ಟದ್ದಲ್ಲ. ಡೈ ಎಲ್ಲಿಯವರೆಗೆ ಇಳಿದು ನಿಲ್ಲುತ್ತದೋ ಅಲ್ಲೂ ಒಂದು ಗೆರೆ ಬೀಳುತ್ತೆ, ಹೊಸಬರು ಅದನ್ನೇ ನೋಡಿ ಹೆದರಿ ಒಳ್ಳೆ ಬ್ರಾಸ್ ಬಿಸಾಡುತ್ತಾರೆ. ತೀರ್ಪು ಕೊಡಬೇಕಾದ್ದು ಕ್ಲಿಪ್, ಕಣ್ಣಲ್ಲ.

ಅನುಮಾನ ಬಂದ ಒಂದನ್ನು ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ನೀವೂ ಒಮ್ಮೆ ಮಾಡಿ. ತಳದ ಹತ್ತಿರ ಗೋಡೆ ದಪ್ಪ, ಮೇಲೆ ಹೋದಂತೆ ಕ್ರಮವಾಗಿ ತೆಳು ಆಗಬೇಕು. ನಾನು ಸೀಳಿದ್ದರಲ್ಲಿ ಆ ಇಳಿಜಾರಿನ ನಡುವೆ ಎರಡೂ ಕಡೆ ಒಂದೊಂದು ಕಚ್ಚು, ಉಗುರಿನಿಂದ ಕಚ್ಚಿ ತೆಗೆದ ಹಾಗೆ. ಅಲ್ಲಿ ಉಳಿದಿದ್ದ ಹಿತ್ತಾಳೆ ಕಾಗದದಷ್ಟು. ಹೊರಗಿನಿಂದ ನೋಡಿದರೆ ಥಳಥಳ ಹೊಳೆಯುವ ಚೆಂದದ ಕೇಸು ಅದು. "ಒಂದೇ ಸಲ ಹಾರಿಸಿದ್ದು" ಅಂತ ಬರೆದಿದ್ದರಲ್ಲ, ಅದನ್ನು ನಾನು ಇನ್ನು ನಂಬಲ್ಲ.

ತೊಳೆಯುವ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಮೆಕ್ಕೆಜೋಳದ ದಿಂಡಿನ ಪುಡಿ ಹಾಕಿ ಅಲುಗಾಡಿಸುವ ಟಂಬ್ಲರ್ ಸಾಕು, ಸ್ಟೀಲ್ ಪಿನ್ನು ಹಾಕಿ ನೀರಲ್ಲಿ ತಿರುಗಿಸಿದರೆ ಒಳಗೂ ಹೊಳೆಯುತ್ತೆ. ನೀರಿಗೆ ಚಿಟಿಕೆ ಸಿಟ್ರಿಕ್ ಆಸಿಡ್ ಹಾಕುತ್ತಾರೆ. ನಮ್ಮ ಮನೆಗಳಲ್ಲಿ ದೀಪ, ಚೊಂಬು ತಿಕ್ಕಲು ಹುಣಸೆಹಣ್ಣು ಬಳಸುವುದೂ ಅದರ ಹುಳಿಗೇ. ತೊಳೆದ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಬಿಸಿಲಿಗೆ ಹರಡಿದರೆ ಆಯ್ತು, ಟೆಕ್ಸಸ್ ಬೇಸಿಗೆಯಲ್ಲಿ ಹಪ್ಪಳಕ್ಕಿಂತ ಬೇಗ ಒಣಗುತ್ತೆ. ಆದರೆ ಎರಡು ವಿಷಯ ನೆನಪಿಡಿ. ಪ್ರೈಮರಿನ ಮಸಿಯಲ್ಲಿ ಸೀಸ ಇದೆ. ಅಡುಗೆಮನೆ ಪಾತ್ರೆ, ಜರಡಿ, ಡಿಶ್‌ವಾಷರ್ ಯಾವುದೂ ಬೇಡ, ಟಂಬ್ಲರ್ ಮುಚ್ಚಳ ತೆಗೆಯುವಾಗ ಮಕ್ಕಳು ಹತ್ತಿರ ಬೇಡ, ಕೈ ಸೋಪು ಹಾಕಿ ತೊಳೆಯಿರಿ. ಎರಡನೆಯದು, ಅಂಗಡಿಯಲ್ಲಿ ಸಿಗುವ ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಬೇಡವೇ ಬೇಡ.

ಅಮೋನಿಯಾ ಯಾಕೆ ಬೇಡ ಅನ್ನುವುದಕ್ಕೆ ನಮ್ಮ ದೇಶದ್ದೇ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಮಳೆಗಾಲ ಬಂದರೆ ಸೇನೆಯ ಚಟುವಟಿಕೆ ಕಡಿಮೆ. ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ಕೇಸುಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಮಳೆಗಾಲದಲ್ಲಿ ಬರುತ್ತೆ ಅಂತ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರಿಟ್ಟರು. ಕಾರಣ ಪೂರ್ತಿ ಬಿಡಿಸಿ ಹೇಳಿದ್ದು 1921ರಲ್ಲಿ: ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ಎಳೆದು ಒತ್ತಿ ತಯಾರಿಸಿದ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ. ಎರಡೂ ಸೇರಿದರೆ ಲೋಹ ಸೀಳುತ್ತೆ. ಕೇಸನ್ನು ಹದವಾಗಿ ಕಾಯಿಸಿ ಬಿಗಿತ ಬಿಡಿಸುವುದೇ ಮದ್ದು ಅಂತ ಆಗ ಗೊತ್ತಾಯಿತು. ತೋಟಾ ಹಿತ್ತಾಳೆ ಅಂದರೆ 70 ಭಾಗ ತಾಮ್ರ, 30 ಭಾಗ ಸತು, ಅದರ ಸ್ವಭಾವವೇ ಹಾಗೆ. ಈ ಪಾಲಿಶ್ ಹಾಕಿದರೆ ಹೊರಗೆ ಕನ್ನಡಿ ತರ ಹೊಳೆಯುತ್ತೆ, ಒಳಗೆ ಏನಾಗಿದೆ ಅಂತ ಕೊನೆಗೆ ರೇಂಜಿನಲ್ಲಿ ಗೊತ್ತಾಗುತ್ತೆ.

ಈಗ ಡೈ. ಆರ್‌ಸಿಬಿಎಸ್ ಹಳೇ ಹೆಸರು, ಫ್ರೆಡ್ ಹಂಟಿಂಗ್ಟನ್ ಅನ್ನುವವರು 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಶುರು ಮಾಡಿದ್ದು. ಇವರ .308 ಫುಲ್ ಲೆಂತ್ ಡೈ ಒಳಗೆ ನುಣುಪಾಗಿದೆ, ಲಾಕ್ ರಿಂಗ್ ಗಟ್ಟಿ ನಿಲ್ಲುತ್ತೆ, ಪಿನ್ನು ಬದಲಿಸುವುದು ಸುಲಭ. ಹೆಚ್ಚಿನ ಡೈಗಳಿಗೆ ಒಂದೇ ಥ್ರೆಡ್, 7/8-14, ಹಾಗಾಗಿ ಲೀ ಪ್ರೆಸ್ಸಿಗೂ ಹಾಕಬಹುದು, ಹಾರ್ನಡಿ ಪ್ರೆಸ್ಸಿಗೂ ಹಾಕಬಹುದು. ಸೇನೆಯ ಬ್ರಾಸ್ ಬಹಳಷ್ಟು ಮಷಿನ್ ಗನ್ನಿನಲ್ಲಿ ಹಾರಿಸಿದ್ದಿರುತ್ತೆ. ಅವುಗಳ ಚೇಂಬರ್ ದೊಡ್ಡದು, ಧೂಳು ಮಣ್ಣಿನಲ್ಲೂ ಸಿಕ್ಕಿಕೊಳ್ಳಬಾರದು ಅಂತ ಸಡಿಲ ಬಿಟ್ಟಿರುತ್ತಾರೆ. ಹಾಗಾಗಿ ಕೇಸು ತಳದ ಹತ್ತಿರ ದಪ್ಪಗೆ ಉಬ್ಬಿರುತ್ತೆ. ನಿಮ್ಮದು ಸೆಮಿ-ಆಟೋ (ಮುಂದಿನ ತೋಟಾವನ್ನು ತಾನೇ ಲೋಡ್ ಮಾಡಿಕೊಳ್ಳುವ ರೈಫಲ್) ಆಗಿದ್ದರೆ ಮೊದಲ ಸಲಕ್ಕೆ ಮಾತ್ರ ಸ್ಮಾಲ್ ಬೇಸ್ ಡೈ ಬಳಸಿ, ಅದು ತಳದ ಹತ್ತಿರ ಇನ್ನಷ್ಟು ಬಿಗಿಮಾಡುತ್ತೆ. ಆಮೇಲೆ ಮಾಮೂಲಿ ಡೈ ಸಾಕು.

ಲ್ಯೂಬ್ (ಜಾರಲು ಹಚ್ಚುವ ಮೇಣ) ಇಲ್ಲದೆ ಡೈಗೆ ಹಾಕುವ ಯೋಚನೆಯನ್ನೂ ಮಾಡಬೇಡಿ. ಇಂಪೀರಿಯಲ್ ಸೈಜಿಂಗ್ ವ್ಯಾಕ್ಸ್ ಒಂದು ಪುಟ್ಟ ಡಬ್ಬಿ, ರೆಡ್ಡಿಂಗ್ ಕಂಪನಿಯವರು ಮಾರುತ್ತಾರೆ, ಆ ಡಬ್ಬಿ ಖಾಲಿಯಾಗುವುದನ್ನು ನಾನಂತೂ ಇನ್ನೂ ನೋಡಿಲ್ಲ. ಬೆರಳ ತುದಿಗೆ ಒಂದು ಸಲ ಸವರಿ, ಕೇಸಿನ ಕೆಳಭಾಗವನ್ನು ಎರಡು ಬೆರಳ ನಡುವೆ ಒಮ್ಮೆ ತಿರುಗಿಸಿದರೆ ಮುಗೀತು. ಶೋಲ್ಡರಿಗೆ, ಅಂದರೆ ಮೈ ಸಣ್ಣದಾಗಿ ಕುತ್ತಿಗೆಗೆ ಸೇರುವ ಇಳಿಜಾರಿಗೆ, ಹಚ್ಚಬೇಡಿ. ಅಲ್ಲಿ ಮೇಣ ಜಾಸ್ತಿಯಾದರೆ ಡೈಯೊಳಗೆ ಅದಕ್ಕೆ ಹೋಗಲು ಜಾಗ ಇರುವುದಿಲ್ಲ, ಕೇಸಿನ ಮೇಲೇ ತಗ್ಗು ಬೀಳುತ್ತೆ. ಕುತ್ತಿಗೆಯ ಒಳಗೂ ಅಷ್ಟಷ್ಟು ಬೇಕು, ಇಲ್ಲದಿದ್ದರೆ ಕುತ್ತಿಗೆಯ ಒಳ ಅಳತೆ ಸರಿಮಾಡುವ ಎಕ್ಸ್‌ಪ್ಯಾಂಡರ್ ಬಾಲ್ ಹೊರಗೆ ಬರುವಾಗ ಕಿರ್ ಅಂತ ಕಿರುಚುತ್ತೆ, ಜೊತೆಗೆ ಕುತ್ತಿಗೆಯನ್ನೂ ಎಳೆದು ಉದ್ದ ಮಾಡುತ್ತೆ. ಲ್ಯೂಬ್ ಕಡಿಮೆಯಾದರೆ ಕೇಸು ಡೈಯಲ್ಲೇ ಕಚ್ಚಿಕೊಳ್ಳುತ್ತೆ. ರಿಮ್ (ತಳದ ಅಂಚು) ಹರಿದು ಬರುತ್ತೆ, ಕೇಸು ಬರಲ್ಲ. ಆಗ ಸ್ಟಕ್ ಕೇಸ್ ರಿಮೂವರ್ ಅನ್ನುವ ಕಿಟ್ ಬೇಕು. ಕೇಸಿನ ತಳಕ್ಕೆ ಡ್ರಿಲ್ ಹಾಕಿ, ಟ್ಯಾಪ್ ಮಾಡಿ ಥ್ರೆಡ್ ಕೊರೆದು, ಬೋಲ್ಟ್ ತಿರುಗಿಸಿ ಹೊರಗೆಳೆಯುವುದು. ಈ ಕಿಟ್ ಮನೆಯಲ್ಲಿ ಇದ್ದರೆ ಒಳ್ಳೇದು, ಕಚ್ಚಿಕೊಳ್ಳುವುದು ಯಾವಾಗಲೂ ಭಾನುವಾರ ಸಂಜೆ ಅಂಗಡಿ ಮುಚ್ಚಿದ ಮೇಲೇ.

ಇನ್ನು ಈ ವಿಮರ್ಶೆ ಬರೆಯಲು ಕಾರಣವಾದ ಸಾಧನ. ಹಾರ್ನಡಿ ಕಂಪ್ಯಾರೇಟರ್ ನೋಡಲು ಏನೂ ಇಲ್ಲ. ಕ್ಯಾಲಿಪರಿನ ಒಂದು ಹಲ್ಲಿಗೆ ಸ್ಕ್ರೂ ಹಾಕಿ ಕೂರಿಸುವ ಒಂದು ಕೆಂಪು ತುಂಡು, ಅದರೊಳಗೆ ಕೂರುವ ಕೆಲವು ಬುಷ್‌ಗಳು. .308 ಕುಟುಂಬಕ್ಕೆ ಡಿ-400 ಅನ್ನುವ ಬುಷ್, ಅದರ ತೂತು 0.400 ಇಂಚು. ಕೇಸಿನ ಶೋಲ್ಡರ್ ಇಳಿಜಾರು ಅಲ್ವಾ, ಅದರ ಮೇಲೆ ಸರಿಯಾಗಿ 0.400 ಇಂಚು ವ್ಯಾಸ ಬರುವ ಜಾಗಕ್ಕೆ ಈ ಬುಷ್ ಹೋಗಿ ಕೂರುತ್ತೆ. ಅಲ್ಲಿಂದ ತಳದವರೆಗೆ ಎಷ್ಟು ಅಂತ ಕ್ಯಾಲಿಪರ್ ತೋರಿಸುತ್ತೆ. ರೈಫಲಿನ ಚೇಂಬರ್ ತೋಟಾವನ್ನು ಹಿಡಿದು ನಿಲ್ಲಿಸುವುದೂ ಇದೇ ಜಾಗದಲ್ಲಿ. ಹಾಗಾಗಿ ಇದೊಂದು ಅಳತೆ ಗೊತ್ತಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ.

ಒಂದು ಎಚ್ಚರಿಕೆ. ಅದು ತೋರಿಸುವ ಸಂಖ್ಯೆಯನ್ನು ಗೆಳೆಯನ ಸಂಖ್ಯೆಗೆ ಹೋಲಿಸಬೇಡಿ, ಪುಸ್ತಕದಲ್ಲಿ ಬರೆದ 1.630 ಇಂಚಿಗೂ ಹೋಲಿಸಬೇಡಿ. ಬುಷ್‌ನಿಂದ ಬುಷ್‌ಗೆ ಸ್ವಲ್ಪ ವ್ಯತ್ಯಾಸ ಇರುತ್ತೆ. ನಿಮ್ಮ ರೈಫಲಿನಲ್ಲೇ ಹಾರಿಸಿದ ಕೇಸು ಎಷ್ಟು ತೋರಿಸುತ್ತೆ, ಡೈಯಿಂದ ಹೊರಬಂದದ್ದು ಎಷ್ಟು ತೋರಿಸುತ್ತೆ, ಎರಡರ ಅಂತರ ಮಾತ್ರ ಮುಖ್ಯ. ಅಳೆಯುವ ಮೊದಲು ಹಳೇ ಪ್ರೈಮರ್ ತೆಗೆದುಬಿಡಿ, ಅದು ಸ್ವಲ್ಪ ಹೊರಗೆ ಉಬ್ಬಿದ್ದರೂ ಲೆಕ್ಕ ತಪ್ಪುತ್ತೆ.

ಕೈಯಿಂದ ಬೋಲ್ಟ್ ಎಳೆದು ಲೋಡ್ ಮಾಡುವ ಬೋಲ್ಟ್ ಆಕ್ಷನ್ ರೈಫಲ್ ಆದರೆ ಶೋಲ್ಡರನ್ನು ಎರಡು ಥೌ ಹಿಂದಕ್ಕೆ ತಳ್ಳಿದರೆ ಸಾಕು. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು, ಎರಡು ಥೌ ಅಂದರೆ 0.05 ಮಿ.ಮೀ. ಸೆಮಿ-ಆಟೋಗೆ ಮೂರರಿಂದ ಐದು, ಅದು ತಾನಾಗಿ ಲೋಡ್ ಆಗಬೇಕಲ್ಲ, ಸ್ವಲ್ಪ ಸಡಿಲ ಬೇಕು. ಈಗ ಡೈಗಳ ಡಬ್ಬಿಯೊಳಗೆ ಸಾಮಾನ್ಯವಾಗಿ ಇರುವ ಚೀಟಿ ನೋಡಿ. ಡೈಯನ್ನು ಶೆಲ್ ಹೋಲ್ಡರಿಗೆ (ಪ್ರೆಸ್ಸಿನಲ್ಲಿ ಕೇಸಿನ ತಳ ಹಿಡಿಯುವ ತುಂಡಿಗೆ) ತಾಗುವವರೆಗೆ ತಿರುಗಿಸಿ, ಆಮೇಲೆ ಇನ್ನೂ ಕಾಲು ಅಥವಾ ಎಂಟನೇ ಒಂದು ಸುತ್ತು ಕೊಡಿ ಅಂತ ಇರುತ್ತೆ. ಲೆಕ್ಕ ಹಾಕೋಣ. ಇಂಚಿಗೆ 14 ಥ್ರೆಡ್, ಅಂದರೆ ಒಂದು ಸುತ್ತಿಗೆ ಸುಮಾರು 71 ಥೌ. ಎಂಟನೇ ಒಂದು ಸುತ್ತಿಗೆ ಸುಮಾರು 9 ಥೌ. ಪ್ರೆಸ್ಸು ಸ್ವಲ್ಪ ಬಾಗುತ್ತೆ, ಅದರಲ್ಲಿ ಒಂದಿಷ್ಟು ಹೋಗುತ್ತೆ, ಆದರೂ ನಮಗೆ ಬೇಕಾದ್ದು ಎರಡು. ಚೀಟಿ ಬರೆದವರ ತಪ್ಪಲ್ಲ. ಯಾವ ರೈಫಲಿಗೆ ಹಾಕಿದರೂ ಒಳಗೆ ಹೋಗಲಿ ಅಂತ ಅವರ ಉದ್ದೇಶ. ಆದರೆ ನಿಮ್ಮ ಚೇಂಬರ್ ಉದ್ದ ಇದ್ದರೆ ಪ್ರತಿ ಸಲವೂ ಶೋಲ್ಡರ್ ಬೇಕಾದ್ದಕ್ಕಿಂತ ಹಿಂದೆ ಹೋಗುತ್ತೆ, ಹಾರಿಸಿದಾಗ ಮತ್ತೆ ಮುಂದೆ ಎಳೆಯುತ್ತೆ, ತಳದ ಹತ್ತಿರ ಆ ಕಚ್ಚು ಬೀಳುವುದು ಹೀಗೆಯೇ. ಅಂದರೆ ಬ್ರಾಸ್ ಕೊಲ್ಲುವುದು ರೈಫಲ್ ಒಂದೇ ಅಲ್ಲ, ಅಳತೆ ಇಲ್ಲದೆ ಇಳಿಸಿದ ಡೈ ಕೂಡ.

ನಾನು ಮಾಡುವುದು ಹೀಗೆ. ಡೈಯನ್ನು ಶೆಲ್ ಹೋಲ್ಡರಿಗೆ ತಾಗದಷ್ಟು ಮೇಲೆ ಇಟ್ಟು ಶುರು ಮಾಡುತ್ತೇನೆ. ಒಂದು ಕೇಸು ಹಾಕಿ, ಲಿವರ್ ಕೆಳಗೆ ಹಿಡಿದು ಮನಸ್ಸಲ್ಲೇ ಐದು ಎಣಿಸಿ ಬಿಡುತ್ತೇನೆ, ಯಾಕೆಂದರೆ ಗಟ್ಟಿಯಾದ ಹಿತ್ತಾಳೆ ಸ್ಪ್ರಿಂಗಿನ ತರ ವಾಪಸ್ ಬರುತ್ತೆ. ಅಳೆಯುತ್ತೇನೆ. ಮೊದಲು ನೋಡಿದರೆ ಉದ್ದ ಕಡಿಮೆಯಾಗುವ ಬದಲು ಜಾಸ್ತಿಯಾಗಿರುತ್ತೆ! ಗಾಬರಿ ಬೇಡ, ಡೈ ಮೈಯನ್ನು ಒತ್ತಿದಾಗ ಹಿತ್ತಾಳೆ ಮೇಲಕ್ಕೆ ಹರಿದು ಶೋಲ್ಡರನ್ನು ಮುಂದೆ ತಳ್ಳುತ್ತೆ, ಡೈಯ ಶೋಲ್ಡರ್ ಇನ್ನೂ ತಾಗಿರುವುದಿಲ್ಲ ಅಷ್ಟೇ. ಡೈ ಸ್ವಲ್ಪ ಸ್ವಲ್ಪ ಕೆಳಗಿಳಿಸುತ್ತಾ ಹೋಗಿ. ಹತ್ತು ಡಿಗ್ರಿ ತಿರುಗಿಸಿದರೆ ಎರಡು ಥೌ, ಈ ಲೆಕ್ಕ ನೆನಪಿದ್ದರೆ ಸಾಕು. ಡೈಯ ತಲೆಯ ಮೇಲೂ ಪ್ರೆಸ್ಸಿನ ಮೇಲೂ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಳ್ಳಿ. ಇದು ರೇಜಿಗೆ ಅನ್ನಿಸಿದರೆ ರೆಡ್ಡಿಂಗ್‌ನವರ ಕಾಂಪಿಟಿಷನ್ ಶೆಲ್ ಹೋಲ್ಡರ್ ಸೆಟ್ ಇದೆ, ಐದು ತುಂಡು, ಒಂದಕ್ಕಿಂತ ಒಂದು ಎರಡು ಥೌ ಎತ್ತರ. ಡೈಯನ್ನು ತಾಗಿಸಿ ಬಿಗಿ ಮಾಡಿ ಬಿಟ್ಟು ಶೆಲ್ ಹೋಲ್ಡರ್ ಮಾತ್ರ ಬದಲಿಸುತ್ತಾ ಹೋಗಬಹುದು. ಆರಾಮಾಗಿದೆ, ಆದರೆ ಮಾರ್ಕರ್ ಗೆರೆ ಪುಕ್ಕಟೆ.

ಈ ಡಬ್ಬಿಯ ಬ್ರಾಸ್‌ನಲ್ಲಿ ನನಗೆ ಕಂಡದ್ದು ಏನೆಂದರೆ, ಬಂದ ಹಾಗೆ ಅಳೆದಾಗ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಕೆಲವು ನನ್ನ ರೈಫಲಿನಿಂದ ಬಂದವುಗಳಷ್ಟೇ, ಕೆಲವು ಹತ್ತು ಥೌ ಉದ್ದ. ಬೇರೆ ಬೇರೆ ಗನ್ನುಗಳಿಂದ ಬಂದವು ಅನ್ನುವುದು ಅಲ್ಲೇ ಗೊತ್ತಾಗುತ್ತೆ. ತುಂಬಾ ಉದ್ದ ಇದ್ದವನ್ನು ಪ್ರತ್ಯೇಕ ಇಟ್ಟು ಅವಕ್ಕೆ ಕ್ಲಿಪ್ ಪರೀಕ್ಷೆ ಎರಡು ಸಲ ಮಾಡಿದೆ. ಗುಜರಿಗೆ ಹೋದದ್ದರಲ್ಲಿ ಹೆಚ್ಚಿನವು ಆ ಗುಂಪಿನವೇ. ಗೇಜ್ ಇಲ್ಲದಿದ್ದರೆ ಇದು ಹೇಗೆ ಗೊತ್ತಾಗುತ್ತಿತ್ತು? ಡೈಯಿಂದ ಹೊರಬಂದ ಮೇಲೆ ಎಲ್ಲವೂ ಒಂದೇ ಅಳತೆ, ಎಲ್ಲವೂ ಒಳ್ಳೇ ಹುಡುಗರು.

ವಿಲ್ಸನ್ ಕೇಸ್ ಗೇಜ್ ಕೂಡ ಇದೆ, ಕೇಸನ್ನು ಒಳಗೆ ಇಳಿಬಿಟ್ಟು ತಳ ಎರಡು ಮೆಟ್ಟಿಲಿನ ನಡುವೆ ಇದೆಯಾ ಅಂತ ಬೆರಳಲ್ಲಿ ಸವರಿ ನೋಡುವುದು. ಬೇಗ ಆಗುತ್ತೆ, ಕೊನೆಯ ತಪಾಸಣೆಗೆ ಚೆನ್ನಾಗಿದೆ. ಆದರೆ ಅದು ಹೌದು-ಇಲ್ಲ ಅಷ್ಟೇ ಹೇಳುತ್ತೆ, ಎಷ್ಟು ಅಂತ ಹೇಳಲ್ಲ.

ಸೇನೆಯ ಬ್ರಾಸ್‌ಗೆ ಇನ್ನೊಂದು ಕಾಟ, ಪ್ರೈಮರ್ ಸುತ್ತ ಕ್ರಿಂಪ್ ಹಾಕಿರುತ್ತಾರೆ. ಮಷಿನ್ ಗನ್ನಿನಲ್ಲಿ ಪ್ರೈಮರ್ ಎದ್ದು ಬರಬಾರದು ಅಂತ ಗುಂಡಿಯ ಅಂಚನ್ನು ಒತ್ತಿ ಮಡಚಿರುತ್ತಾರೆ. ಹಳೆಯದನ್ನು ತೆಗೆಯಲು ಪಿನ್ನು ಗಟ್ಟಿ ಇರಬೇಕು, ಬರೀ ಪ್ರೈಮರ್ ತೆಗೆಯುವ ಲೀ ಯೂನಿವರ್ಸಲ್ ಡೈ ಇದಕ್ಕೆ ಒಳ್ಳೇದು. ಆಮೇಲೆ ಆ ಅಂಚನ್ನು ಸರಿ ಮಾಡದಿದ್ದರೆ ಹೊಸ ಪ್ರೈಮರ್ ಒಳಗೆ ಹೋಗದೆ ಜಜ್ಜಿಹೋಗುತ್ತೆ. ಕೊರೆದು ತೆಗೆಯಬಹುದು, ಆದರೆ ಕೈ ಸ್ವಲ್ಪ ಜಾಸ್ತಿ ಓಡಿದರೆ ಗುಂಡಿ ಹಾಳು. ಡಿಲ್ಲನ್‌ನವರ ಸೂಪರ್ ಸ್ವೇಜ್ ಕೊರೆಯುವುದಿಲ್ಲ, ಒತ್ತಿ ಸರಿಮಾಡುತ್ತೆ. ಬೆಲೆ ಜಾಸ್ತಿ, ಆದರೆ ರಾಶಿ ಬ್ರಾಸ್ ಇದ್ದರೆ ತಗೊಳ್ಳಬಹುದು. ಒಮ್ಮೆ ಮಾಡಿದರೆ ಆ ಕೇಸಿಗೆ ಮತ್ತೆ ಮಾಡಬೇಕಿಲ್ಲ.

ಡೈಯಿಂದ ಬಂದ ಮೇಲೆ ಕೇಸಿನ ಪೂರ್ತಿ ಉದ್ದ, ತಳದಿಂದ ಬಾಯಿಯವರೆಗೆ, ಅಳೆಯಿರಿ. .308ಗೆ ಗರಿಷ್ಠ 2.015 ಇಂಚು, ಕತ್ತರಿಸುವುದು 2.005ಕ್ಕೆ. ಸೈಜ್ ಮಾಡುವ ಮೊದಲು ಅಳೆದು ಉಪಯೋಗ ಇಲ್ಲ, ಡೈ ಅದನ್ನು ಉದ್ದ ಮಾಡುತ್ತೆ. ಸ್ವಲ್ಪವೇ ಇದ್ದರೆ ಲೀ ಕೈ ಟ್ರಿಮ್ಮರ್ ಸಾಕು, ಅಗ್ಗ, ಸೆಟ್ಟಿಂಗ್ ಬದಲಾಗುವ ಚಿಂತೆ ಇಲ್ಲ. ರಾಶಿ ಇದ್ದರೆ ಹೆಬ್ಬೆರಳು ನೋಯುತ್ತೆ. ಬಾಯಿ ಒಳಗೆ ಹೊರಗೆ ಅಂಚು ತೆಗೆಯಿರಿ, ಜಾಸ್ತಿ ಚೂಪು ಬೇಡ.

ಕೊನೆಗೆ ಲೋಡ್ ಮಾಡುವ ಮೊದಲು ಒಂದು ವಿಷಯ. ಸೇನೆಯ ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ. ಸಿವಿಲಿಯನ್ ಬ್ರಾಸ್‌ಗೆ ಹಾಕುತ್ತಿದ್ದ ಅದೇ ಮದ್ದಿನ ಅಳತೆ ಇದಕ್ಕೆ ಹಾಕಿದರೆ ಒತ್ತಡ ಏರುತ್ತೆ. ರೀಲೋಡಿಂಗ್ ಮ್ಯಾನ್ಯುಯಲ್ ತೆಗೆದು ಅದರಲ್ಲಿರುವ ಕಡಿಮೆ ಅಳತೆಯಿಂದ ಮತ್ತೆ ಶುರು ಮಾಡಿ. ಅಂತರ್ಜಾಲದಲ್ಲಿ ಯಾರೋ ಬರೆದ ಲೆಕ್ಕ ನಂಬಬೇಡಿ, ನನ್ನದನ್ನೂ ಸೇರಿಸಿ, ಅದಕ್ಕೇ ಇಲ್ಲಿ ಬರೆದಿಲ್ಲ.

ಹಾಗಾದರೆ ಕೊಳ್ಳಬೇಕಾ? ಸೆಮಿ-ಆಟೋದಲ್ಲಿ ಸುಮ್ನೆ ಪ್ರಾಕ್ಟೀಸ್ ಮಾಡುವವರಿಗೆ, ಕೇಸು ಹುಲ್ಲಿನಲ್ಲಿ ಕಳೆದುಹೋದರೂ ಹೊಟ್ಟೆ ಉರಿಯಬಾರದು ಅನ್ನುವವರಿಗೆ ಖಂಡಿತ. ಲಪುವಾ ಕಂಪನಿಯ ಒಂದು ಹೊಸ ಕೇಸಿನ ದುಡ್ಡಿಗೆ ಇಂಥವು ನಾಲ್ಕೈದು ಬರುತ್ತವೆ. ಆರು ನೂರು ಗಜ ದೂರದಲ್ಲಿ ಒಂದೇ ತೂತು ಮಾಡಬೇಕು ಅನ್ನುವವರು ಲಪುವಾವನ್ನೇ ತಗೊಳ್ಳಿ, ಗಂಟೆಗಟ್ಟಲೆ ವಿಂಗಡಿಸಿದರೂ ಇದು ಅದಾಗಲ್ಲ. ವಾರಕ್ಕೊಂದು ಸಂಜೆ ಗ್ಯಾರೇಜಿನಲ್ಲಿ ಕೂತು ರೇಡಿಯೋ ಕೇಳುತ್ತಾ ಕ್ಲಿಪ್ ಎಳೆಯುವುದು ನಿಮಗೆ ಖುಷಿ ಕೊಡುತ್ತೆ ಅಂದರೆ ಲಾಭ. ಅದನ್ನು ಕೆಲಸ ಅಂತ ಲೆಕ್ಕ ಹಾಕಿದರೆ ನಷ್ಟ. ಮನೆಯವಳು ಎರಡನೇ ಲೆಕ್ಕ ಹಾಕುತ್ತಾಳೆ, ಅದು ಬೇರೆ ಮಾತು.

ಗುಜರಿ ಕೇಸುಗಳನ್ನು ಕಸದ ಬುಟ್ಟಿಗೆ ಹಾಕಬೇಡಿ, ಸ್ಕ್ರ್ಯಾಪ್ ಅಂಗಡಿಯಲ್ಲಿ ಹಿತ್ತಾಳೆಗೆ ತೂಕದ ಮೇಲೆ ದುಡ್ಡು ಕೊಡುತ್ತಾರೆ. ಕೊಡುವ ಮೊದಲು ಇಕ್ಕಳದಲ್ಲಿ ಪ್ರತಿಯೊಂದರ ಬಾಯಿಯನ್ನೂ ಚಪ್ಪಟೆ ಮಾಡಿಬಿಡಿ. ಇಲ್ಲದಿದ್ದರೆ ಅವನ್ನೇ ಯಾರೋ ತೊಳೆದು, ಹೊಳಪು ಕೊಟ್ಟು, "ಒಂದೇ ಸಲ ಹಾರಿಸಿದ್ದು" ಅಂತ ಬರೆದು ಮತ್ತೊಬ್ಬರಿಗೆ ಮಾರಬಹುದು.